ಕ್ಯಾಸೆಟ್ ಹಾಕಿದ ಐದು ಸೆಕೆಂಡಿಗೆ ನಿಲ್ಲುವ ವಿಸಿಆರ್: ರಿಪೇರಿ ಮಾಡಿಸಬೇಕಾ, ಬೇರೆ ತರಬೇಕಾ?

ಪ್ರಶ್ನೆ: ನಮ್ಮ ಮನೆಯ ವಿಸಿಆರ್ ತುಂಬಾ ಹಳೆಯದು. ಬಹಳ ವರ್ಷ ಅದನ್ನು ಯಾರೂ ಮುಟ್ಟಿರಲಿಲ್ಲ. ಮೊನ್ನೆ ಆನ್ ಮಾಡಿದರೆ ಲೈಟು ಬಂತು. ಕ್ಯಾಸೆಟ್ಟನ್ನು ಒಳಗೆ ಎಳೆದುಕೊಂಡಿತು. ಪ್ಲೇ ಒತ್ತಿದಾಗ ಚಿತ್ರವೂ ಕಾಣಿಸಿತು. ಆದರೆ ಐದಾರು ಸೆಕೆಂಡಿಗೆ ತಾನೇ ನಿಂತು ಆಫ್ ಆಯಿತು. ಎರಡನೇ ಸಲ ಹಾಕಿದಾಗ ಕ್ಯಾಸೆಟ್ ಹೊರಗೆ ಬಂತು, ಆದರೆ ಟೇಪು ಕುಣಿಕೆಯಾಗಿ ನೇತಾಡುತ್ತಿತ್ತು. ನಮ್ಮ ಹತ್ತಿರ ಮೂವತ್ತಕ್ಕಿಂತ ಜಾಸ್ತಿ ಕ್ಯಾಸೆಟ್ ಇವೆ. ಕೆಲವು ಇದೇ ಮೆಷಿನ್ನಿನಲ್ಲಿ ರೆಕಾರ್ಡ್ ಮಾಡಿದ್ದು, ಕೆಲವು ಬೇರೆಯವರು ಕೊಟ್ಟಿದ್ದು. ಮಕ್ಕಳು ಚಿಕ್ಕವರಿದ್ದಾಗ ಕ್ಯಾಮ್‌ಕಾರ್ಡರಿನಲ್ಲಿ ತೆಗೆದ ಸಣ್ಣ ಕ್ಯಾಸೆಟ್‌ಗಳೂ ಒಂದಷ್ಟಿವೆ. ಹೆಡ್ ಹೋಗಿದೆ, ಬಿಸಾಡಿ ಅಂತ ಪರಿಚಯದವರು ಹೇಳಿದರು. ರಿಪೇರಿ ಮಾಡಿಸಬಹುದಾ? ಇಲ್ಲ, ಹೊಸದೇ ತೆಗೆದುಕೊಳ್ಳಬೇಕಾ?

ಉತ್ತರ: ಎಲ್ಲಕ್ಕಿಂತ ಮೊದಲು, ಇನ್ನೊಂದು ಕ್ಯಾಸೆಟ್ ಹಾಕಿ ನೋಡೋಣ ಅಂತ ಹೋಗಬೇಡಿ. ಮೆಷಿನ್ನಿನ ಪ್ಲಗ್ ತೆಗೆದಿಡಿ. ಹೀಗೆ ಪರೀಕ್ಷೆ ಮಾಡಲು ಹೋಗಿ ಒಳ್ಳೆಯ ಟೇಪುಗಳು ಹಾಳಾಗುವುದೇ ಜಾಸ್ತಿ.

ಹೆಡ್, ಅಂದರೆ ಟೇಪಿನಿಂದ ಚಿತ್ರವನ್ನು ಓದುವ ಭಾಗ, ಹೋಗಿದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆಡ್ ಹಾಳಾದ ಮೆಷಿನ್ ಐದು ಸೆಕೆಂಡಿಗೆ ನಿಲ್ಲುವುದಿಲ್ಲ. ಅದು ಟೇಪನ್ನು ಕೊನೆಯವರೆಗೂ ಓಡಿಸುತ್ತದೆ, ಪರದೆಯ ಮೇಲೆ ಮಾತ್ರ ಬರೀ ಚುಕ್ಕೆ ಕಾಣುತ್ತದೆ. ನಿಮಗೆ ಸ್ವಲ್ಪ ಹೊತ್ತಾದರೂ ಚಿತ್ರ ಕಂಡಿದೆ. ಅಂದರೆ ಹೆಡ್ ಓದುತ್ತಿದೆ, ಹೆಡ್ ಕೂರಿಸಿರುವ ಡ್ರಮ್ ಅನ್ನುವ ಉರುಳೆ ತಿರುಗುತ್ತಿದೆ, ಪವರ್ ಸಪ್ಲೈ ಕೆಲಸ ಮಾಡುತ್ತಿದೆ. ಸಿಗಲು ಕಷ್ಟವಾದ ಭಾಗಗಳೆಲ್ಲ ನೆಟ್ಟಗಿವೆ. ನೀವು ಹೇಳಿದ ಎರಡು ಲಕ್ಷಣ, ಅಂದರೆ ಬೇಗ ನಿಲ್ಲುವುದು ಮತ್ತು ಟೇಪು ನೇತಾಡುವುದು, ಎರಡೂ ಸೇರಿ ಒಂದೇ ಕಡೆ ಬೆರಳು ತೋರಿಸುತ್ತವೆ. ರೀಲು ಸುತ್ತುವ ಕಡೆ.

ಪ್ಲೇ ಒತ್ತಿದಾಗ ಒಳಗೆ ಏನಾಗುತ್ತದೆ ಗೊತ್ತಾದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಎರಡು ಸಣ್ಣ ಗೂಟಗಳು ಟೇಪನ್ನು ಕ್ಯಾಸೆಟ್ಟಿನಿಂದ ಹೊರಗೆಳೆದು ಡ್ರಮ್ಮಿಗೆ ಸುತ್ತುತ್ತವೆ. ವಿಎಚ್‌ಎಸ್‌ನಲ್ಲಿ, ಅಂದರೆ ಮನೆಬಳಕೆಯ ಈ ದೊಡ್ಡ ಕ್ಯಾಸೆಟ್ಟಿನ ಪದ್ಧತಿಯಲ್ಲಿ, ಈ ಡ್ರಮ್ಮಿನ ವ್ಯಾಸ 62 ಮಿಲಿಮೀಟರ್. ಪಾಲ್ ಅನ್ನುವ ಟಿವಿ ಪದ್ಧತಿಯಲ್ಲಿ ಅದು ನಿಮಿಷಕ್ಕೆ 1500 ಸುತ್ತು ತಿರುಗುತ್ತದೆ, ಎನ್‌ಟಿಎಸ್‌ಸಿ ಅನ್ನುವ ಇನ್ನೊಂದು ಪದ್ಧತಿಯಲ್ಲಿ ಸುಮಾರು 1800. ಟೇಪು ಮಾತ್ರ ಬಹಳ ನಿಧಾನ. ಪಾಲ್‌ನಲ್ಲಿ ಸೆಕೆಂಡಿಗೆ 23 ಮಿಲಿಮೀಟರ್ ಚಿಲ್ಲರೆ, ಅಷ್ಟೇ. ಕ್ಯಾಪ್‌ಸ್ಟನ್ ಅನ್ನುವ ತೆಳ್ಳನೆಯ ಉಕ್ಕಿನ ಕಡ್ಡಿ ಮತ್ತು ಪಿಂಚ್ ರೋಲರ್ ಅನ್ನುವ ರಬ್ಬರ್ ಗಾಲಿ, ಇವೆರಡರ ಮಧ್ಯೆ ಸಿಕ್ಕ ಟೇಪು ಮುಂದಕ್ಕೆ ಹೋಗುತ್ತದೆ. ಹಾಗೆ ಬಂದ ಟೇಪನ್ನು ಬಲಗಡೆಯ ರೀಲು ತಕ್ಷಣ ಸುತ್ತಿಕೊಳ್ಳಬೇಕು. ಆ ರೀಲನ್ನು ತಿರುಗಿಸುವ ಕೆಲಸ ಐಡ್ಲರಿನದು. ಎಷ್ಟೋ ಮಾಡೆಲ್‌ಗಳಲ್ಲಿ ಅದೊಂದು ಸಣ್ಣ ಚಕ್ರ, ಅದರ ಸುತ್ತ ಒಂದು ರಬ್ಬರ್ ರಿಂಗು. ಮೋಟರಿನ ಬಲ ಬೆಲ್ಟಿನ ಮೂಲಕ ಐಡ್ಲರಿಗೆ, ಐಡ್ಲರಿನ ಅಂಚಿನಿಂದ ರೀಲಿಗೆ ಹೋಗುತ್ತದೆ.

ವರ್ಷಗಟ್ಟಲೆ ಸುಮ್ನೆ ಬಿದ್ದಿದ್ದರೆ ಈ ರಬ್ಬರು ಗಟ್ಟಿಯಾಗಿ ನುಣುಪಾಗುತ್ತದೆ. ಬೆಲ್ಟು ಜೋತುಬೀಳುತ್ತದೆ. ಆಗ ಐಡ್ಲರ್ ತಿರುಗುತ್ತದೆ, ಆದರೆ ಜಾರುತ್ತದೆ, ರೀಲು ತಿರುಗುವುದಿಲ್ಲ. ಕ್ಯಾಪ್‌ಸ್ಟನ್ ಮಾತ್ರ ಟೇಪನ್ನು ತಳ್ಳುತ್ತಲೇ ಇರುತ್ತದೆ. ಇದು ಹೀಗೇ ಮುಂದುವರಿದರೆ ಮೀಟರುಗಟ್ಟಲೆ ಟೇಪು ಮೆಷಿನ್ನಿನ ಹೊಟ್ಟೆಯೊಳಗೆ ಸೇರಿಕೊಳ್ಳುತ್ತದೆ. ಹಾಗಾಗಬಾರದು ಅಂತಲೇ ರೀಲಿನ ಅಡಿಯಲ್ಲಿ ಒಂದು ಸೆನ್ಸರ್ ಇಟ್ಟಿರುತ್ತಾರೆ. ರೀಲು ತಿರುಗುತ್ತಿದೆಯಾ ಅಂತ ಅದು ನೋಡುತ್ತಾ ಇರುತ್ತದೆ. ಕೆಲವು ಸೆಕೆಂಡ್ ತಿರುಗದೆ ಇದ್ದರೆ ಮೆಷಿನ್ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ನಿಮ್ಮ ವಿಸಿಆರ್ ಐದಾರು ಸೆಕೆಂಡಿಗೆ ಆಫ್ ಆಗಿದ್ದು ನಿಮ್ಮ ಟೇಪನ್ನು ಉಳಿಸುವುದಕ್ಕೆ.

ಟೇಪು ಯಾಕೆ ನೇತಾಡಿತು? ನಿಲ್ಲಿಸುವಾಗ ಡ್ರಮ್ಮಿಗೆ ಸುತ್ತಿದ್ದ ಟೇಪನ್ನು ಮತ್ತೆ ಕ್ಯಾಸೆಟ್ಟಿನೊಳಗೆ ಸುತ್ತಿಕೊಳ್ಳಬೇಕಲ್ಲವೇ? ಆ ಕೆಲಸವೂ ಅದೇ ಐಡ್ಲರಿನದು. ಅದು ಜಾರಿತು, ಟೇಪು ಹೊರಗೇ ಉಳಿಯಿತು. ಇನ್ನೂ ಎರಡು ಸಲ ಪ್ರಯತ್ನಿಸಿದ್ದರೆ ಕ್ಯಾಸೆಟ್ಟಿನ ಮುಚ್ಚಳಕ್ಕೆ ಸಿಕ್ಕಿ ಟೇಪು ಕತ್ತರಿಸಿಯೇ ಹೋಗುತ್ತಿತ್ತು.

ಈಗ ನೇತಾಡುತ್ತಿರುವ ಆ ಕ್ಯಾಸೆಟ್ಟನ್ನು ಸರಿಮಾಡಿ. ಬಲಗಡೆ ಪಕ್ಕದಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮುಂದಿನ ಮುಚ್ಚಳ ಏಳುತ್ತದೆ. ಕೆಳಭಾಗದ ನಡುವೆ ಒಂದು ಸಣ್ಣ ತೂತಿದೆ. ಅದರೊಳಗೆ ಪೆನ್ನಿನ ತುದಿ ಒತ್ತಿ ಹಿಡಿದರೆ ರೀಲುಗಳ ಬ್ರೇಕು ಬಿಡುತ್ತದೆ. ಆಗ ರೀಲನ್ನು ಬೆರಳಿನಿಂದ ತಿರುಗಿಸಿ ನಿಧಾನವಾಗಿ ಟೇಪನ್ನು ಒಳಗೆ ಸುತ್ತಿ. ಟೇಪಿನ ಮೇಲ್ಮೈಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತಿರುಚಿದ್ದರೆ ಮೊದಲು ಬಿಡಿಸಿ. ಬೆಳಕಿಗೆ ಓರೆಯಾಗಿ ಹಿಡಿದು ಅಂಚುಗಳನ್ನು ನೋಡಿ. ಟೇಪಿನ ಅಗಲ 12.7 ಮಿಲಿಮೀಟರ್. ಮೇಲಿನ ಅಂಚಿನಲ್ಲಿ ಧ್ವನಿ, ಕೆಳಗಿನ ಅಂಚಿನಲ್ಲಿ ವೇಗವನ್ನು ಹಿಡಿತದಲ್ಲಿಡುವ ಕಂಟ್ರೋಲ್ ಟ್ರ್ಯಾಕ್, ನಡುವೆ ಓರೆ ಗೆರೆಗಳಾಗಿ ಚಿತ್ರ. ಮೇಲಿನ ಅಂಚು ಸುಕ್ಕಾಗಿದ್ದರೆ ಆ ಜಾಗದಲ್ಲಿ ಧ್ವನಿ ಹೋಗಿಬರುತ್ತದೆ. ಕೆಳಗಿನದು ಸುಕ್ಕಾಗಿದ್ದರೆ ಚಿತ್ರ ಉರುಳುತ್ತದೆ. ಎರಡೂ ಆ ಒಂದು ಚೂರಿಗೆ ಮಾತ್ರ, ಪೂರ್ತಿ ಟೇಪಿಗಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಹೊಸದು ತೆಗೆದುಕೊಳ್ಳುವ ದಾರಿ ಇಲ್ಲ. ಜೆವಿಸಿ ಕಂಪನಿ 1976ರಲ್ಲಿ ವಿಎಚ್‌ಎಸ್ ಶುರು ಮಾಡಿತು. ಜಪಾನಿನ ಫುನಾಯ್ ಕಂಪನಿ 2016ರ ಜುಲೈ ಕೊನೆಗೆ ತಯಾರಿಕೆ ನಿಲ್ಲಿಸಿತು. ವಿಸಿಆರ್ ಮಾಡುತ್ತಿದ್ದ ಕೊನೆಯ ದೊಡ್ಡ ಕಂಪನಿ ಅದೇ. ಬೇಡಿಕೆ ಇಳಿದದ್ದು ಒಂದು ಕಾರಣ, ಬಿಡಿಭಾಗ ಸಿಗದೆ ಹೋದದ್ದು ಇನ್ನೊಂದು. ಅಂದರೆ ಇವತ್ತು ನೀವು ಯಾವ ವಿಸಿಆರ್ ತಂದರೂ ಅದು ಹಳೆಯದೇ. ಅದರ ರಬ್ಬರಿಗೂ ವಯಸ್ಸಾಗಿರುತ್ತದೆ. ಡಬ್ಬಿಯನ್ನೇ ಒಡೆಯದ ಮೆಷಿನ್ ಅಂತ ಮಾರುವವರಿದ್ದಾರೆ. ಅದನ್ನೂ ನಂಬಬೇಡಿ. ಬಳಸದೆ ಇಟ್ಟರೂ ರಬ್ಬರು ಗಟ್ಟಿಯಾಗುತ್ತದೆ, ಗ್ರೀಸು ಒಣಗುತ್ತದೆ.

ಆದ್ದರಿಂದ ನನ್ನ ಸಲಹೆ: ನಿಮ್ಮದನ್ನೇ ರಿಪೇರಿ ಮಾಡಿಸಿ. ಇದಕ್ಕೆ ಇನ್ನೊಂದು ಗಟ್ಟಿ ಕಾರಣವಿದೆ, ಹೆಚ್ಚಿನವರಿಗೆ ಅದು ಗೊತ್ತಿರುವುದಿಲ್ಲ. ಪ್ರತಿ ಮೆಷಿನ್ನಿನಲ್ಲೂ ಟೇಪಿಗೆ ದಾರಿ ತೋರಿಸುವ ಗೈಡುಗಳ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ. ಚಿತ್ರದ ಒಂದೊಂದು ಗೆರೆಯ ಅಗಲ ಪಾಲ್‌ನ ಸಾಮಾನ್ಯ ವೇಗದಲ್ಲಿ 49 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಿಮ್ಮ ಮೆಷಿನ್ ಸ್ವಲ್ಪ ಓರೆಯಾಗಿ ಬರೆದಿದ್ದರೆ ಅದೇ ಓರೆಯಲ್ಲೇ ಓದುತ್ತದೆ, ಚಿತ್ರ ಸ್ವಚ್ಛವಾಗಿ ಬರುತ್ತದೆ. ಅದೇ ಟೇಪನ್ನು ಬೇರೆ ಮೆಷಿನ್ನಿಗೆ ಹಾಕಿದರೆ ಮೇಲೋ ಕೆಳಗೋ ಚುಕ್ಕೆ ಚುಕ್ಕೆಯ ಒಂದು ಪಟ್ಟಿ ಕಾಣಬಹುದು. ವಿಸಿಆರಿನ ಟ್ರ್ಯಾಕಿಂಗ್ ಗುಂಡಿಯಿಂದ ಎಷ್ಟು ಸರಿಹೊಂದಿಸಿದರೂ ಅದು ಹೋಗುವುದಿಲ್ಲ. ನಿಮ್ಮ ಮನೆಯಲ್ಲೇ ರೆಕಾರ್ಡ್ ಮಾಡಿದ ಕ್ಯಾಸೆಟ್‌ಗಳನ್ನು ಓದುವುದಕ್ಕೆ ಲೋಕದಲ್ಲಿ ಸರಿಯಾದ ಮೆಷಿನ್ ಅಂತ ಒಂದಿದ್ದರೆ ಅದು ಮೂಲೆಯಲ್ಲಿ ಕೂತಿರುವ ಆ ವಿಸಿಆರ್.

ಇದರಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ರಿಪೇರಿ ಮಾಡುವವರಿಗೆ ಮೊದಲೇ ಸ್ಪಷ್ಟವಾಗಿ ಹೇಳಿ: ಗೈಡ್ ರೋಲರುಗಳ ಎತ್ತರ ಬದಲಾಯಿಸಬೇಡಿ, ಆಡಿಯೊ ಹೆಡ್ಡಿನ ಸ್ಕ್ರೂ ತಿರುಗಿಸಬೇಡಿ. ರಬ್ಬರು, ಬೆಲ್ಟು, ಗ್ರೀಸು, ಕ್ಲೀನಿಂಗ್ ಇಷ್ಟೇ ಸಾಕು. ಅಭ್ಯಾಸಬಲದಿಂದ ಎಲ್ಲವನ್ನೂ ಸರಿಹೊಂದಿಸುವ ಮೆಕ್ಯಾನಿಕ್‌ಗಳಿದ್ದಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಮಾಡಿದರೆ ಮೆಷಿನ್ ಬೇರೆಲ್ಲ ಟೇಪನ್ನೂ ಚೆನ್ನಾಗಿ ಓದಬಹುದು, ನಿಮ್ಮ ಟೇಪನ್ನು ಮಾತ್ರ ಓದದೆ ಹೋಗಬಹುದು. ಬೇರೆಯವರು ಕೊಟ್ಟ ಕ್ಯಾಸೆಟ್‌ಗಳಿಗೆ ಈ ಲೆಕ್ಕ ಇಲ್ಲ. ಅವುಗಳಲ್ಲಿ ಯಾವುದಾದರೂ ಸರಿ ಬರದಿದ್ದರೆ ಇನ್ನೊಂದು ಮೆಷಿನ್ನಿನಲ್ಲಿ ಹಾಕಿ ನೋಡುವುದೇ ದಾರಿ.

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವವರು ಮೇಲಿನ ಮುಚ್ಚಳವನ್ನು ತಾವೇ ತೆಗೆದು ನೋಡಬಹುದು. ಒಂದು ಅಪಾಯವನ್ನು ಮಾತ್ರ ಮರೆಯಬಾರದು. ಪವರ್ ಸಪ್ಲೈ ಬೋರ್ಡಿನ ಮೇಲೆ ಕರೆಂಟನ್ನು ಕೂಡಿಟ್ಟುಕೊಳ್ಳುವ ಒಂದು ದಪ್ಪ ಕೆಪಾಸಿಟರ್ ಇರುತ್ತದೆ. 230 ವೋಲ್ಟಿನ ಕರೆಂಟು ಇರುವ ಕಡೆ ಅದರಲ್ಲಿ 300 ವೋಲ್ಟಿಗೂ ಜಾಸ್ತಿ ತುಂಬಿರುತ್ತದೆ. ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಅದು ಹಾಗೇ ಇರಬಹುದು. ಆ ಬೋರ್ಡಿನ ಕಡೆ ಕೈ ಹೋಗಲೇಬಾರದು. ಈ ಮಾತು ಓದಿ ಅಳುಕು ಬಂದರೆ ಮುಚ್ಚಳ ತೆಗೆಯಬೇಡಿ, ಗೊತ್ತಿರುವವರ ಹತ್ತಿರ ಕೊಡಿ.

ಮುಚ್ಚಳ ತೆಗೆದರೆ ಕಳೆದುಹೋದರೂ ಬೇಸರವಿಲ್ಲದ ಒಂದು ಟೇಪು ಹಾಕಿ, ಕೈ ಹಿಂದೆ ಇಟ್ಟುಕೊಂಡು ಬರೀ ನೋಡಿ. ಜೋರು ಬೆಳಕು ಮೆಷಿನ್ನಿನೊಳಗೆ ಬೀಳದಂತೆ ನೋಡಿಕೊಳ್ಳಿ. ಟೇಪಿನ ಎರಡು ತುದಿಯಲ್ಲೂ ಪಾರದರ್ಶಕ ಪಟ್ಟಿ ಇರುತ್ತದೆ. ಅದರ ಮೂಲಕ ಬೆಳಕು ದಾಟಿದಾಗ ಟೇಪು ಮುಗಿಯಿತು ಅಂತ ಮೆಷಿನ್ ತಿಳಿದುಕೊಳ್ಳುತ್ತದೆ. ಬಿಸಿಲೋ ಟೇಬಲ್ ಲ್ಯಾಂಪಿನ ಬೆಳಕೋ ಆ ಸೆನ್ಸರಿಗೆ ಬಿದ್ದರೆ ಮೆಷಿನ್ ತಪ್ಪು ತಿಳಿದು ನಿಲ್ಲುತ್ತದೆ. ಮುಚ್ಚಳ ತೆಗೆದು ಪರೀಕ್ಷಿಸುವ ಎಷ್ಟೋ ಜನ ಇಲ್ಲದ ದೋಷವನ್ನು ಹುಡುಕುತ್ತಾ ಕೂರುವುದು ಇದರಿಂದಲೇ.

ಪ್ಲೇ ಒತ್ತಿ ಬಲಗಡೆ ರೀಲನ್ನೇ ನೋಡಿ. ಅದು ತಿರುಗದಿದ್ದರೆ, ಅಥವಾ ತಡವರಿಸಿ ನಿಂತರೆ, ಐಡ್ಲರ್ ಇಲ್ಲವೇ ಬೆಲ್ಟು. ಫಾಸ್ಟ್ ಫಾರ್ವರ್ಡ್, ರಿವೈಂಡ್ ಕೂಡ ತಿಣುಕುತ್ತಾ ಓಡಿದರೆ ಇನ್ನೂ ಖಚಿತ. ರೀಲು ಚೆನ್ನಾಗಿ ತಿರುಗುತ್ತಿದ್ದರೂ ಮೆಷಿನ್ ನಿಂತರೆ ರೀಲ್ ಸೆನ್ಸರಿಗೆ ಧೂಳು ಕೂತಿರಬಹುದು. ಟೇಪನ್ನು ಅರ್ಧ ಎಳೆದು, ಮತ್ತೆ ವಾಪಸ್ ಬಿಟ್ಟು, ತಾನೇ ಕ್ಯಾಸೆಟ್ ಹೊರಹಾಕಿದರೆ ಅದು ಮೋಡ್ ಸ್ವಿಚ್ಚಿನ ಕಥೆ. ಯಂತ್ರದ ಭಾಗಗಳು ಈಗ ಯಾವ ಹಂತದಲ್ಲಿವೆ ಅಂತ ಈ ಸ್ವಿಚ್ಚು ಮೆಷಿನ್ನಿಗೆ ಹೇಳುತ್ತದೆ. ಅದರ ಒಳಗಿನ ತಗಡು ಕಿಲುಬು ಹಿಡಿದರೆ ಮೆಷಿನ್ನಿಗೆ ದಿಕ್ಕು ತಪ್ಪುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತೊಳೆದರೆ ಹೆಚ್ಚಿನ ಸಲ ಸರಿಹೋಗುತ್ತದೆ. ಆದರೆ ಅದನ್ನು ಬಿಚ್ಚುವಾಗ ಗೇರುಗಳ ಮೇಲಿನ ಗುರುತು ಯಾವುದಕ್ಕೆ ಯಾವುದು ಕೂಡಿತ್ತು ಅಂತ ಫೋಟೊ ತೆಗೆದುಕೊಳ್ಳಲೇಬೇಕು. ಒಂದು ಹಲ್ಲು ಆಚೀಚೆಯಾದರೂ ಇಡೀ ಮೆಕ್ಯಾನಿಸಂ ಸಿಕ್ಕಿಹಾಕಿಕೊಳ್ಳುತ್ತದೆ.

ಐಡ್ಲರಿನ ರಬ್ಬರ್ ರಿಂಗು ನೋಡಲು ಗೊತ್ತಾಗುತ್ತದೆ. ಹೊಸದು ಮಂಕಾಗಿ, ಮೆತ್ತಗೆ ಇರುತ್ತದೆ. ಹಳೆಯದು ಗಾಜಿನ ಹಾಗೆ ಹೊಳೆಯುತ್ತದೆ, ಉಗುರು ಒತ್ತಿದರೆ ಕುಗ್ಗುವುದಿಲ್ಲ. ತಾತ್ಕಾಲಿಕವಾಗಿ ಅದನ್ನು ಒರೆಸಿ, ಸಣ್ಣ ಮರಳು ಕಾಗದದಿಂದ ಹೊಳಪು ತೆಗೆದರೆ ಸ್ವಲ್ಪ ಹಿಡಿತ ಬರುತ್ತದೆ. ರಿಂಗನ್ನು ತೆಗೆದು ಒಳಗಿನ ಮಗ್ಗುಲು ಹೊರಗೆ ಬರುವಂತೆ ಹಾಕುವುದೂ ಹಳೆಯ ಉಪಾಯ. ಎರಡೂ ಕಾರಣ ಖಚಿತಪಡಿಸಿಕೊಳ್ಳುವುದಕ್ಕೆ ಮಾತ್ರ. ಮಕ್ಕಳ ಟೇಪು ಹಾಕುವ ಮೊದಲು ಹೊಸ ರಿಂಗು ಬೇಕೇ ಬೇಕು. ಬೆಲ್ಟು, ಐಡ್ಲರ್ ರಿಂಗು, ಪಿಂಚ್ ರೋಲರ್ ಇವು ಇನ್ನೂ ಮಾಡೆಲ್ ನಂಬರಿನ ಮೇಲೆ ಸಿಗುತ್ತವೆ. ನಂಬರಿನಿಂದ ಸಿಗದಿದ್ದರೆ ಅಳತೆಯಿಂದ ಹುಡುಕಬಹುದು. ಆಗ ಜೋತುಬಿದ್ದ ಬೆಲ್ಟಿನ ಅಳತೆಗಿಂತ ತುಸು ಚಿಕ್ಕದನ್ನೇ ತೆಗೆದುಕೊಳ್ಳಬೇಕು. ಒಮ್ಮೆ ಬಿಚ್ಚಿದ ಮೇಲೆ ಇವೆಲ್ಲವನ್ನೂ ಒಟ್ಟಿಗೆ ಬದಲಾಯಿಸುವುದು ಜಾಣತನ. ಈಗ ಐಡ್ಲರ್ ಹೋಗಿದೆ ಅಂದರೆ ಕ್ಯಾಸೆಟ್ಟನ್ನು ಒಳಗೆಳೆಯುವ ಲೋಡಿಂಗ್ ಬೆಲ್ಟಿನ ಸರದಿ ದೂರವಿಲ್ಲ. ಎಲ್ಲ ಮಾಡೆಲ್‌ಗಳಲ್ಲೂ ರಬ್ಬರ್ ಐಡ್ಲರ್ ಇರುವುದಿಲ್ಲ. ಆಮೇಲಿನ ಮೆಷಿನ್ನುಗಳಲ್ಲಿ ಆ ಜಾಗಕ್ಕೆ ಹಲ್ಲಿನ ಗೇರು ಮತ್ತು ಕ್ಲಚ್ಚು ಬಂದಿವೆ. ಅಲ್ಲಿ ಸವೆದಿರುವುದು ಕ್ಲಚ್ಚು.

ಹೆಡ್ ಕ್ಲೀನಿಂಗ್ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಒಳ್ಳೆಯ ಹೆಡ್ ಮುರಿಯುವುದು ಇಲ್ಲೇ. ಹೆಡ್ ಅಂದರೆ ಡ್ರಮ್ಮಿನ ಅಂಚಿನಲ್ಲಿ ಕಂಡೂ ಕಾಣದಷ್ಟು ಹೊರಗೆ ಚಾಚಿರುವ ಫೆರೈಟಿನ ಚೂರು. ಅದು ಬಿರುಸು ವಸ್ತು, ಬಾಗುವುದಿಲ್ಲ, ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಅದನ್ನು ಉಜ್ಜಲೇಬಾರದು. ಎಳೆ ಸಿಕ್ಕಿಕೊಂಡರೆ ಚೂರೇ ಕಿತ್ತುಬರುತ್ತದೆ. ಬಿಳಿ ಕಾಗದದ ಒಂದು ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ. ಮೆತ್ತಗಿನ ಶ್ಯಾಮಿ ಚರ್ಮ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಡ್ರಮ್ಮಿಗೆ ಹಗುರವಾಗಿ ತಾಗಿಸಿ, ಅಲುಗಾಡಿಸದೆ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ಮನ್ನು ಮೇಲಿನಿಂದ ಹಿಡಿದು ನಿಧಾನವಾಗಿ ಕೆಲವು ಸುತ್ತು ತಿರುಗಿಸಿ. ತಿರುಗಬೇಕಾದ್ದು ಡ್ರಮ್ಮು, ಕಾಗದವಲ್ಲ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯಿತು ಅಂತಲೇ ಲೆಕ್ಕ. ಕಾಗದದ ಮೇಲೆ ಕಂದು ಗೆರೆ ಬರುತ್ತದೆ. ಗೆರೆ ಬರುವುದು ನಿಲ್ಲುವವರೆಗೆ ಹೊಸ ಪಟ್ಟಿ ತೆಗೆದುಕೊಂಡು ಮಾಡಿ. ಆಮೇಲೆ ಪೂರ್ತಿ ಒಣಗಲು ಬಿಡಿ. ಒದ್ದೆ ಡ್ರಮ್ಮಿಗೆ ಟೇಪು ಅಂಟಿಕೊಳ್ಳುತ್ತದೆ. ಧ್ವನಿ ಸರಿಯಾಗಿ ಬಂದು ಚಿತ್ರ ಮಾತ್ರ ಚುಕ್ಕೆ ಚುಕ್ಕೆಯಾದರೆ ಈ ಕ್ಲೀನಿಂಗ್ ಬೇಕು ಅಂತ ಅರ್ಥ. ಧ್ವನಿಯೂ ಎಳೆದಾಡಿದರೆ, ಅಂದರೆ ಒಮ್ಮೆ ವೇಗ ಒಮ್ಮೆ ನಿಧಾನ ಆದರೆ, ಪಿಂಚ್ ರೋಲರನ್ನು ನೋಡಿ.

ಪವರ್ ಸಪ್ಲೈ ನಿಮ್ಮಲ್ಲಿ ಸರಿಯಿದೆ. ಆದರೂ ಲೈಟೇ ಬಾರದ ಮೆಷಿನ್ ಇಟ್ಟುಕೊಂಡ ಓದುಗರಿಗಾಗಿ ಒಂದು ಮಾತು. ವರ್ಷಾನುಗಟ್ಟಲೆ ಪ್ಲಗ್ಗಿನಲ್ಲೇ ಇದ್ದು ಚೆನ್ನಾಗಿ ಓಡುತ್ತಿದ್ದ ಮೆಷಿನ್, ಒಮ್ಮೆ ಪ್ಲಗ್ ತೆಗೆದು ಹಾಕಿದ ಮೇಲೆ ಆನ್ ಆಗುವುದೇ ಇಲ್ಲ ಅಂದರೆ ಪವರ್ ಸಪ್ಲೈಯ ಸಣ್ಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿರುತ್ತದೆ. ಎಲೆಕ್ಟ್ರಾನಿಕ್ಸ್ ಗೊತ್ತಿರುವ ಯಾರಾದರೂ ಅದನ್ನು ಬದಲಾಯಿಸಬಲ್ಲರು. ವಿಸಿಆರ್ ಗೊತ್ತಿರಬೇಕೆಂದೇನೂ ಇಲ್ಲ. ಡಿಸ್‌ಪ್ಲೇಯಲ್ಲಿ ಡ್ಯೂ ಅಂತ ಬಂದರೆ ಮಾತ್ರ ರಿಪೇರಿ ಬೇಕಾಗಿಲ್ಲ. ಒಳಗೆ ತೇವ ಕೂತಿದೆ. ಕ್ಯಾಸೆಟ್ ಹಾಕದೆ ಕೆಲವು ಗಂಟೆ ಆನ್ ಮಾಡಿ ಬಿಡಿ.

ರಿಪೇರಿಯಾಗಿ ಬಂದ ದಿನವೇ ಬೆಲೆಬಾಳುವ ಟೇಪು ಹಾಕಬೇಡಿ. ಬೇಡದ ಕ್ಯಾಸೆಟ್ಟೊಂದನ್ನು ಪೂರ್ತಿ ಓಡಿಸಿ. ನಡುನಡುವೆ ನಿಲ್ಲಿಸಿ, ಹೊರತೆಗೆದು, ಟೇಪು ನೆಟ್ಟಗೆ ಒಳಗೆ ಹೋಗಿದೆಯಾ, ಅಂಚು ಮಡಚಿಲ್ಲವಾ ನೋಡಿ. ಇದರಲ್ಲಿ ಪಾಸಾದ ಮೇಲಷ್ಟೇ ಉಳಿದದ್ದು.

ಈಗ ಟೇಪುಗಳ ಕಡೆ ಬರೋಣ. ಮೆಷಿನ್ನಿಗಿಂತ ನನಗೆ ಅವುಗಳದ್ದೇ ಚಿಂತೆ. ಒಂದೊಂದನ್ನೂ ಬೆಳಕಿಗೆ ಹಿಡಿದು ಕಿಟಕಿಯ ಮೂಲಕ ರೀಲನ್ನು ನೋಡಿ. ಕಪ್ಪು ಸುತ್ತಿನ ಮೇಲೆ ಬಿಳಿ ಪುಡಿಯೋ ಜೇಡರಬಲೆಯಂಥ ಗೆರೆಯೋ ಕಂಡರೆ ಅದು ಬೂಷ್ಟು. ಆ ಕ್ಯಾಸೆಟ್ಟನ್ನು ಮೆಷಿನ್ನಿಗೆ ಹಾಕಲೇಬೇಡಿ. ಹಾಕಿದರೆ ಹೆಡ್ಡಿಗೆ ಮೆತ್ತಿಕೊಂಡು, ಅಲ್ಲಿಂದ ಮುಂದಿನ ಟೇಪಿಗೂ ಹರಡುತ್ತದೆ. ಬೇರೆ ಚೀಲದಲ್ಲಿ ಕಟ್ಟಿಡಿ. ಬೂಷ್ಟು ತೆಗೆಯುವುದು ಮಾಸ್ಕು ಹಾಕಿಕೊಂಡು ಮಾಡುವ ನಾಜೂಕಿನ ಕೆಲಸ, ಅಂಥ ಟೇಪುಗಳನ್ನು ಅದನ್ನೇ ಮಾಡುವವರಿಗೆ ಕೊಡುವುದು ಮೇಲು. ಎಲ್ಲಾದರೂ ಕತ್ತರಿಸಿದ್ದರೆ ಮನೆಯಲ್ಲಿರುವ ಅಂಟು ಟೇಪು ಹಚ್ಚಬೇಡಿ. ಅದರ ಗೋಂದು ಸೋರಿ ಹೆಡ್ಡಿಗೆ ಮೆತ್ತುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪು ಇದೆ, ಅದನ್ನು ಡ್ರಮ್ಮಿಗೆ ತಾಗದ ಹಿಂಬದಿಗೆ ಹಚ್ಚಬೇಕು. ಚೆನ್ನಾಗಿರುವ ಕ್ಯಾಸೆಟ್‌ಗಳ ಲೇಬಲ್ ಅಂಚಿನ ತುದಿಯಲ್ಲಿರುವ ಪ್ಲಾಸ್ಟಿಕ್ ಚೂರನ್ನು ಈಗಲೇ ಮುರಿದುಬಿಡಿ. ಆಮೇಲೆ ಅಪ್ಪಿತಪ್ಪಿ ರೆಕಾರ್ಡ್ ಒತ್ತಿದರೂ ಏನೂ ಅಳಿಸುವುದಿಲ್ಲ.

ಆಸ್ಟ್ರೇಲಿಯಾದ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್ 2015ರಲ್ಲೇ ಒಂದು ಎಚ್ಚರಿಕೆ ಕೊಟ್ಟಿತ್ತು. 2025ರೊಳಗೆ ಡಿಜಿಟಲ್ ಮಾಡದ ಮ್ಯಾಗ್ನೆಟಿಕ್ ಟೇಪುಗಳಲ್ಲಿ ಹೆಚ್ಚಿನವು ಕೈತಪ್ಪಿದಂತೆ ಅಂತ. ಟೇಪು ಹಾಳಾಗುವುದು ಮಾತ್ರ ಅವರ ಆತಂಕವಾಗಿರಲಿಲ್ಲ. ಓದುವ ಮೆಷಿನ್, ಬಿಡಿಭಾಗ, ರಿಪೇರಿ ಗೊತ್ತಿರುವ ಕೈ ಮೂರೂ ಒಟ್ಟಿಗೆ ಕಡಿಮೆಯಾಗುತ್ತಿವೆ ಅನ್ನುವುದೇ ದೊಡ್ಡ ಆತಂಕ. ಆ ಗಡುವು ದಾಟಿದ ಕೂಡಲೇ ನಿಮ್ಮ ಟೇಪು ಅಳಿಸಿಹೋಗುವುದಿಲ್ಲ. ಆದರೆ ಇನ್ನೂ ಮುಂದೂಡುವ ಹಾಗಿಲ್ಲ. ರಿಪೇರಿ ಮಾಡಿಸಿ ಮತ್ತೆ ಆಗಾಗ ಕ್ಯಾಸೆಟ್ ನೋಡುತ್ತಾ ಇರೋಣ ಅನ್ನುವ ಯೋಚನೆ ಇದ್ದರೆ ಬಿಡಿ. ಈ ಮೆಷಿನ್ನಿಗೆ ಒಂದೇ ಕೆಲಸ ಉಳಿದಿದೆ. ಮೂವತ್ತು ಚಿಲ್ಲರೆ ಕ್ಯಾಸೆಟ್ಟನ್ನು ಒಂದೊಂದು ಸಲ ಚೆನ್ನಾಗಿ ಓಡಿಸಿ ಕಂಪ್ಯೂಟರಿಗೆ ದಾಟಿಸುವುದು. ರಿಪೇರಿಯನ್ನು ಆ ಲೆಕ್ಕದಲ್ಲೇ ಮಾಡಿಸಿ. ಇಂಥ ಓಟಕ್ಕೆ ಹೊಸ ರಬ್ಬರು ಧಾರಾಳವಾಗಿ ಸಾಕು.

ದಾಟಿಸುವಾಗ ಎಲ್ಲಕ್ಕಿಂತ ಮುಖ್ಯವಾದ, ಕಳೆದುಕೊಳ್ಳಲು ಭಯಪಡುವ ಟೇಪುಗಳನ್ನು ಮೊದಲು ತೆಗೆದುಕೊಳ್ಳಿ. ಟಿವಿಯಿಂದ ರೆಕಾರ್ಡ್ ಮಾಡಿದ್ದು ಕೊನೆಗೆ ಇರಲಿ. ಬಹಳ ದಿನ ಸುತ್ತಿಟ್ಟ ಟೇಪಿನ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ರಿವೈಂಡ್ ಮಾಡಿ, ಆಮೇಲೆ ಪ್ಲೇ ಒತ್ತಿ. ವಿಸಿಆರಿನ ಹಳದಿ, ಬಿಳಿ, ಕೆಂಪು ಪಿನ್ನುಗಳಿಂದ ವೈರು ಎಳೆದು, ಚಿತ್ರವನ್ನು ಕಂಪ್ಯೂಟರಿಗೆ ಇಳಿಸುವ ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಕೊಡಿ. ಎಸ್-ವಿಡಿಯೊ ಪಿನ್ ಇದ್ದರೆ ಹಳದಿಗಿಂತ ಅದು ಮೇಲು. ಆಂಟೆನಾ ವೈರಿನ ಮೂಲಕ ತೆಗೆಯಬೇಡಿ, ಚಿತ್ರ ಇನ್ನೂ ಮಂಕಾಗುತ್ತದೆ.

ವಿಎಚ್‌ಎಸ್ ಚಿತ್ರದಲ್ಲಿ ಅಡ್ಡಡ್ಡಲಾಗಿ ಇರುವ ವಿವರ ಸುಮಾರು 240 ಗೆರೆಯಷ್ಟು ಮಾತ್ರ. ಆದ್ದರಿಂದ ಎಚ್‌ಡಿ, 4ಕೆ ಅಂತ ದೊಡ್ಡದು ಮಾಡಿ ಉಳಿಸಿದರೆ ಏನೂ ಸಿಗುವುದಿಲ್ಲ. ಪಾಲ್ ಟೇಪಿಗೆ 720 ಇಂಟು 576, ಎನ್‌ಟಿಎಸ್‌ಸಿಗೆ 720 ಇಂಟು 480 ಇಟ್ಟರೆ ಟೇಪಿನಲ್ಲಿರುವುದೆಲ್ಲ ಬರುತ್ತದೆ. ಎಚ್‌ಡಿಎಂಐಗೆ ಬದಲಾಯಿಸುವ ಅಗ್ಗದ ಪೆಟ್ಟಿಗೆಗಳು ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತವೆ, ಒಂದು ಬಿಟ್ಟು ಒಂದು ಗೆರೆಯಾಗಿ ಎರಡು ಸಲಕ್ಕೆ ಬರುವ ಚಿತ್ರವನ್ನು ತಮಗೆ ತೋಚಿದ ಹಾಗೆ ಬೆರೆಸಿಬಿಡುತ್ತವೆ. ಅಲ್ಲಿ ಹೋದ ಚಲನೆಯ ನಯ ಆಮೇಲೆ ಬರುವುದಿಲ್ಲ. ಮೂಲ ಪ್ರತಿಯನ್ನು ಡಿವಿ ಅನ್ನುವ ಡಿಜಿಟಲ್ ವಿಡಿಯೊ ರೂಪದಲ್ಲಿ ಇಟ್ಟರೆ ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತದೆ. ಮನೆಮಂದಿ ನೋಡಲು ಎಚ್.264 ಅನ್ನುವ, ಇನ್ನೂ ಕುಗ್ಗಿಸುವ ರೂಪದಲ್ಲಿ 8 ಎಂಬಿಪಿಎಸ್ ಇಟ್ಟು ಇನ್ನೊಂದು ಪ್ರತಿ ಮಾಡಿದರೆ ಗಂಟೆಗೆ 3.6 ಜಿಬಿ. ಜಾಗಕ್ಕೆ ಜಿಪುಣತನ ಬೇಡ. ಟೇಪನ್ನು ಎರಡನೇ ಸಲ ಓಡಿಸುವ ಅವಕಾಶ ಸಿಗದೇ ಹೋಗಬಹುದು. ಚಿತ್ರದ ಮೇಲ್ಭಾಗ ಬಾಗಿದಂತೆ ಕಂಡರೆ, ಅಂಚುಗಳು ನಡುಗಿದರೆ, ನಡುವೆ ಗೆರೆಗಳ ಸಮಯವನ್ನು ಸರಿಪಡಿಸುವ ಟೈಮ್ ಬೇಸ್ ಕರೆಕ್ಟರ್ ಇಟ್ಟರೆ ನಿಲ್ಲುತ್ತದೆ. ಅದು ಸಿಗದಿದ್ದರೆ ಕೆಲವು ಡಿವಿಡಿ ರೆಕಾರ್ಡರುಗಳ ಮೂಲಕ ಹಾಯಿಸಿದರೂ ಸಾಕಷ್ಟು ಸರಿಹೋಗುತ್ತದೆ. ಅಂಗಡಿಯಿಂದ ಕೊಂಡ ಎಷ್ಟೋ ಸಿನಿಮಾ ಕ್ಯಾಸೆಟ್‌ಗಳಲ್ಲಿ ನಕಲು ತಡೆ ಇರುತ್ತದೆ, ನಕಲು ಮಾಡುವಾಗ ಚಿತ್ರದ ಬೆಳಕು ಏರಿಳಿಯುತ್ತದೆ. ಅದು ಮೆಷಿನ್ನಿನ ದೋಷ ಅಂತ ತಿಳಿಯಬೇಡಿ.

ರಿಪೇರಿ ಮಾಡುವವರೇ ಸಿಗದಿದ್ದರೆ? ಆಗ ಬಳಸಿದ ಮೆಷಿನ್ ತರಬೇಕಾಗುತ್ತದೆ. ಓಡಿಸಿ ತೋರಿಸದವರ ಹತ್ತಿರ ಕೊಳ್ಳಬೇಡಿ. ಬೇಡದ ಟೇಪೊಂದನ್ನು ನೀವೇ ತೆಗೆದುಕೊಂಡು ಹೋಗಿ, ಕನಿಷ್ಠ ಹತ್ತು ನಿಮಿಷ ಓಡಿಸಿ. ಫಾಸ್ಟ್ ಫಾರ್ವರ್ಡ್, ರಿವೈಂಡ್ ಎರಡನ್ನೂ ಟೇಪಿನ ಕೊನೆ ಮುಟ್ಟುವವರೆಗೆ ನೋಡಿ, ಕ್ಯಾಸೆಟ್ಟನ್ನು ನಾಲ್ಕೈದು ಸಲ ಹಾಕಿ ತೆಗೆಯಿರಿ. ನಿಮ್ಮ ಟೇಪು ಯಾವ ಪದ್ಧತಿಯದು, ಪಾಲಾ ಎನ್‌ಟಿಎಸ್‌ಸಿಯಾ, ಅದನ್ನು ಓದುವ ಮೆಷಿನ್ನೇ ಬೇಕು. ವಿಸಿಆರ್ ಮತ್ತು ಡಿವಿಡಿ ಎರಡೂ ಸೇರಿದ ಪೆಟ್ಟಿಗೆಗಳು ಅನುಕೂಲ ಅನಿಸುತ್ತವೆ. ನನಗೆ ಅವು ಇಷ್ಟವಿಲ್ಲ. ಒಳಗೆ ಜಾಗ ಕಡಿಮೆ, ಭಾಗಗಳು ಹಗುರ, ಬಿಚ್ಚುವುದೂ ಕಷ್ಟ. ತೂಕವಿರುವ ಹಳೆಯ ಒಂಟಿ ಮೆಷಿನ್ನೇ ನನ್ನ ಆಯ್ಕೆ. ಬರೀ ನಾಲ್ಕೈದು ಕ್ಯಾಸೆಟ್ ಇರುವವರಿಗೆ ಇದ್ಯಾವುದೂ ಬೇಡ, ಡಿಜಿಟಲ್ ಮಾಡಿಕೊಡುವವರಿಗೆ ಕೊಟ್ಟರೆ ಸಾಕು. ಆದರೆ ಡಿವಿಡಿ ಮಾತ್ರ ಕೊಟ್ಟರೆ ಒಪ್ಪಬೇಡಿ, ಫೈಲುಗಳನ್ನೂ ಕೇಳಿ ಪಡೆಯಿರಿ. ಎಲ್ಲವನ್ನೂ ಒಮ್ಮೆಲೇ ಕೊಡಬೇಡಿ. ಒಂದನ್ನು ಕೊಟ್ಟು, ನೋಡಿ, ಆಮೇಲೆ ಉಳಿದದ್ದು.

ಕ್ಯಾಮ್‌ಕಾರ್ಡರಿನ ಸಣ್ಣ ಕ್ಯಾಸೆಟ್‌ಗಳ ಬಗ್ಗೆ ನೀವು ಹೆಚ್ಚು ಬರೆದಿಲ್ಲ. ಅವುಗಳ ಮೇಲೆ ವಿಎಚ್‌ಎಸ್-ಸಿ ಅಂತ ಇದ್ದರೆ ಒಂದು ಅಡಾಪ್ಟರ್ ಪೆಟ್ಟಿಗೆಯಲ್ಲಿ ಕೂರಿಸಿ ಇದೇ ವಿಸಿಆರಿನಲ್ಲಿ ನೋಡಬಹುದು. ಒಳಗಿನ ಟೇಪು ಅದೇ ಅಗಲದ್ದು. ಅಡಾಪ್ಟರಿನ ಸಣ್ಣ ಗೇರು ಮತ್ತು ಬ್ಯಾಟರಿ ಜಾಗವನ್ನು ಮಾತ್ರ ಮೊದಲು ಪರೀಕ್ಷಿಸಿ. ವಿಡಿಯೊ 8, ಹೈ 8, ಮಿನಿ ಡಿವಿ ಅಂತ ಇದ್ದರೆ ಯಾವ ಅಡಾಪ್ಟರಿಗೂ ಹೊಂದುವುದಿಲ್ಲ. ಅವುಗಳ ಟೇಪಿನ ಅಗಲವೇ ಬೇರೆ. ಮಾರುವವರು ಏನೇ ಹೇಳಲಿ, ಹಾಗೊಂದು ಅಡಾಪ್ಟರ್ ಇಲ್ಲ. ಅವಕ್ಕೆ ಆಯಾ ಜಾತಿಯ ಕ್ಯಾಮ್‌ಕಾರ್ಡರೇ ಬೇಕು. ಮಿನಿ ಡಿವಿಯಲ್ಲಿ ಇರುವುದು ಆಗಲೇ ಡಿಜಿಟಲ್, ಫೈರ್‌ವೈರ್ ಕೇಬಲ್ ಸಿಕ್ಕರೆ ಒಂದಿಷ್ಟೂ ಕೆಡದೆ ಕಂಪ್ಯೂಟರಿಗೆ ಬರುತ್ತದೆ.

ಎಲ್ಲ ಮುಗಿದ ಮೇಲೆ ಪ್ರತಿಗಳನ್ನು ಕನಿಷ್ಠ ಎರಡು ಬೇರೆ ಡ್ರೈವುಗಳಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಟೇಪುಗಳನ್ನು ಎಸೆಯಬೇಡಿ. ಪೂರ್ತಿ ರಿವೈಂಡ್ ಮಾಡಿ, ಪುಸ್ತಕದ ಹಾಗೆ ನಿಲ್ಲಿಸಿ, ತಂಪಾಗಿ ಒಣಗಿರುವ ಜಾಗದಲ್ಲಿ, ಸ್ಪೀಕರುಗಳಿಂದ ದೂರ ಇಡಿ. ವಿಸಿಆರಿನೊಳಗೆ ಕ್ಯಾಸೆಟ್ ಬಿಡಬೇಡಿ, ರಿಮೋಟಿನ ಸೆಲ್ ತೆಗೆದಿಡಿ. ಪರಿಚಯದವರ ಮನೆಯಲ್ಲೂ ಇಂಥ ಕ್ಯಾಸೆಟ್ ಇದ್ದರೆ, ಮೆಷಿನ್ ಓಡುತ್ತಿರುವಾಗಲೇ ಅವರಿಗೂ ಕೊಡಿ.